ಬೂದು ಬಣ್ಣದ ಸ್ವರಗಳು

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಶಾಲಾ ಬ್ಯಾಂಡ್‌ಗಳಿಗೆ ನಾನು ಸ್ಟಾಫ್ ನೊಟೇಷನ್ ಬರೆದುಕೊಡುತ್ತೇನೆ. ನವೆಂಬರ್ 1 ಹತ್ತಿರ ಬಂತೆಂದರೆ ಎಲ್ಲರೂ ಕೇಳುವುದು ನಾಡಗೀತೆಯನ್ನೇ. ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡ್ ಎಂದು ಸರ್ಕಾರ 2022ರಲ್ಲಿ ಗೊತ್ತುಮಾಡಿದ ಮೇಲಂತೂ ಗಡಿಯಾರ ಇಟ್ಟುಕೊಂಡೇ ಬರೆಯಬೇಕು. ನಾನು ಬಳಸುವುದು ಮ್ಯೂಸ್‌ಸ್ಕೋರ್ ಎಂಬ ನೊಟೇಷನ್ ಸಾಫ್ಟ್‌ವೇರ್. ಅದರಲ್ಲಿ ಮರೆಮಾಡಿದ ಗುರುತುಗಳ ಜೊತೆ ಏಗುತ್ತಾ ಕಲಿತದ್ದು ಇಷ್ಟು.

1. ಮರೆಮಾಡಿದ್ದು ಅಳಿಸಿದಂತಲ್ಲ. ಗುರುತನ್ನು ಆರಿಸಿ ‘ವಿ’ ಕೀಲಿ ಒತ್ತಿದರೆ ಅದು ಬೂದು ಬಣ್ಣಕ್ಕೆ ತಿರುಗುತ್ತದೆ; ಪ್ರಿಂಟಿನಲ್ಲಿ ಬರುವುದಿಲ್ಲ. ಆದರೆ ಸ್ವರವಾದರೆ ತನ್ನ ಜಾಗ ಬಿಡುವುದಿಲ್ಲ, ನುಡಿಯುವುದನ್ನೂ ನಿಲ್ಲಿಸುವುದಿಲ್ಲ. ಟೆಂಪೊ ಗುರುತಿನದೇ ಹೆಚ್ಚಿನ ಕಾಟ. ಕಂಪ್ಯೂಟರ್ ಒಂದೊಂದು ಚರಣಕ್ಕೆ ಸರಿಯಾದ ವೇಗದಲ್ಲಿ ನುಡಿಸಲಿ ಎಂದು ನಡುನಡುವೆ ಟೆಂಪೊ ಹಾಕಿ ಮರೆಮಾಡಿರುತ್ತೇವೆ. ಆಮೇಲೆ ಯಾರೋ ಶುರುವಿನ ಟೆಂಪೊ ಮಾತ್ರ ಏರಿಸುತ್ತಾರೆ. ಪಲ್ಲವಿ ಓಡುತ್ತದೆ, ಚರಣಕ್ಕೆ ಬರುತ್ತಲೇ ಹಳೆಯ ನಡಿಗೆ. ‘ಸಾಫ್ಟ್‌ವೇರೇ ಸರಿಯಿಲ್ಲ ಸಾರ್’ ಎಂದು ಫೋನ್ ಬರುತ್ತದೆ.

2. ಹಾಗಾಗಿ ತಿದ್ದುವಾಗ ವ್ಯೂ ಮೆನುವಿನ ‘ಶೋ ಇನ್‌ವಿಸಿಬಲ್’ ಆನ್ ಆಗಿಯೇ ಇರಲಿ. ಪರದೆ ಗಲೀಜಾಗಿ ಕಾಣುತ್ತದೆಂದು ಆಫ್ ಮಾಡಿದರೆ ಆ ಗುರುತುಗಳು ಕಣ್ಣಿಗೂ ಬೀಳುವುದಿಲ್ಲ, ಮೌಸಿಗೂ ಸಿಗುವುದಿಲ್ಲ. ಪ್ರಿಂಟಿಗೆಂದು ಆಫ್ ಮಾಡುವುದೂ ಬೇಕಿಲ್ಲ. ಪಿಡಿಎಫ್‌ನಲ್ಲಿ ಬೂದು ಬಣ್ಣದ್ದು ಹೇಗೂ ಬರುವುದಿಲ್ಲ.

3. ಒಂದನೇ ವಾಯ್ಸ್‌ನ (ಸಾಲಿನ ಮೊದಲ ಸ್ವರಧಾರೆಯ) ರೆಸ್ಟನ್ನು, ಅಂದರೆ ಮೌನದ ಗುರುತನ್ನು, ಅಳಿಸಲು ಬರುವುದಿಲ್ಲ, ಮರೆಮಾಡಬಹುದು ಅಷ್ಟೆ. ಮಕ್ಕಳ ಹಾಳೆಯಲ್ಲಿ ಅದನ್ನೂ ಮಾಡಬೇಡಿ. ಟ್ರಂಪೆಟ್ ಹುಡುಗ ರೆಸ್ಟ್ ನೋಡಿಕೊಂಡೇ ಎಣಿಸುವವನು; ನಾಲ್ಕು ಎಣಿಕೆಯ ಮನೆಯಲ್ಲಿ ಮೂರೇ ಕಂಡರೆ ಒಂದು ಎಣಿಕೆ ಮೊದಲೇ ಊದಿಬಿಡುತ್ತಾನೆ.

4. ಗಮಕ. ಇದನ್ನು ಸ್ಟಾಫ್ ನೊಟೇಷನ್‌ನಲ್ಲಿ ಹಿಡಿಯಲು ಪೂರ್ತಿ ಪರಿಹಾರ ಇಲ್ಲ. ನಾನು ಮಾಡುವುದು ಹೀಗೆ: ಕಾಣುವ ಸ್ವರ ಒಂದೇ, ಅದರ ‘ಪ್ಲೇ’ ಟಿಕ್ ತೆಗೆದಿರುತ್ತೇನೆ, ಎರಡನೇ ವಾಯ್ಸ್‌ನಲ್ಲಿ ಅದೇ ಜಾಗದಲ್ಲಿ ಕಂಪಿತದ ಸಣ್ಣ ಸ್ವರಗಳನ್ನು ಬರೆದು ಮರೆಮಾಡುತ್ತೇನೆ. ಓದುವವರಿಗೆ ಹಾಳೆ ಸರಳ, ಕೇಳುವವರಿಗೆ ಸ್ವಲ್ಪವಾದರೂ ರಾಗದ ಛಾಯೆ. ಅಲ್ಲಿ ಶ್ರುತಿ ಬದಲಿಸುವಾಗ ಎರಡೂ ವಾಯ್ಸ್ ಒಟ್ಟಿಗೆ ಆರಿಸಬೇಕು, ಇಲ್ಲವಾದರೆ ಕಾಣುವುದೊಂದು ಕೇಳುವುದೊಂದು. 1890ರ ದಶಕದಲ್ಲಿ ಮದರಾಸಿನಲ್ಲಿ ಚಿನ್ನಸ್ವಾಮಿ ಮುದಲಿಯಾರ್ ಕರ್ನಾಟಕ ಸಂಗೀತವನ್ನು ಸ್ಟಾಫ್ ನೊಟೇಷನ್‌ಗೆ ಇಳಿಸಿ ಅಚ್ಚುಹಾಕಿಸಿದಾಗ ಈ ಅನುಕೂಲ ಇರಲಿಲ್ಲ. ಕಾಗದದ ಮೇಲೆ ಕಂಡದ್ದೇ ಎಲ್ಲ. ಒಮ್ಮೊಮ್ಮೆ ಅದೇ ವಾಸಿ ಅನಿಸುತ್ತದೆ.

5. ಸ್ಕೋರಿನಲ್ಲಿ ಮರೆಮಾಡಿದ್ದು ಕ್ಲಾರಿನೆಟ್, ಟ್ರಂಪೆಟ್ ಪಾರ್ಟ್‌ಗಳಲ್ಲೂ ಮರೆಯಾಗಿದೆ ಎಂದು ನಂಬಬೇಡಿ. ಒಂದೊಂದನ್ನೂ ತೆರೆದು ನೋಡಿ.

6. ಲಿಲಿಪಾಂಡ್ ಎಂಬ ಇನ್ನೊಂದು ನೊಟೇಷನ್ ಸಾಫ್ಟ್‌ವೇರ್ ಬಳಸುವವರಿಗೆ: ‘ಹೈಡ್’ ಎಂದು ಬರೆದರೆ ಗುರುತು ಕಾಣದಿದ್ದರೂ ಜಾಗ ಉಳಿಯುತ್ತದೆ, ‘ಒಮಿಟ್’ ಎಂದರೆ ಜಾಗವೂ ಹೋಗುತ್ತದೆ. ಈ ಭೇದ ಮ್ಯೂಸ್‌ಸ್ಕೋರ್‌ನಲ್ಲೂ ಇಷ್ಟು ಸ್ಪಷ್ಟವಾಗಿದ್ದರೆ ಚೆನ್ನಾಗಿತ್ತು.

ಬ್ಯಾಂಡ್ ಮಾಸ್ತರರಲ್ಲಿ ಒಂದು ಕೇಳಿಕೆ: ನಾನು ಕಳಿಸಿದ ಫೈಲಿನಲ್ಲಿ ಬೂದು ಬಣ್ಣದ್ದು ಏನಾದರೂ ಕಂಡರೆ ಡಿಲೀಟ್ ಒತ್ತುವ ಮುಂಚೆ ಒಂದು ಫೋನ್ ಮಾಡಿ.