ಅರ್ಜಿಯ ನಮೂನೆಯನ್ನು ತಿದ್ದಿದ ಬಗೆ

ಹುಲಿಗಿಯಲ್ಲಿ ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗಳಂದು ಹುಲಿಗೆಮ್ಮದೇವಿಯ ದರ್ಶನಕ್ಕೆ ಸೇರುವ ಜನಸಂದಣಿಯನ್ನು ವಾಚಕರೆಲ್ಲರೂ ಬಲ್ಲರು. ಜಾತ್ರೆಯ ದಿನಗಳಲ್ಲಿ ಯಾತ್ರಿಕರ ಸೇವೆಗೆ ಮುಂದೆ ಬರುವ ವಿದ್ಯಾರ್ಥಿಗಳ ಹೆಸರು ಬರೆದುಕೊಳ್ಳುವುದಕ್ಕಾಗಿ ನಾನು ಜಾಲಪುಟದಲ್ಲಿ ಒಂದು ಅರ್ಜಿಯ ನಮೂನೆಯನ್ನು ಸಿದ್ಧಪಡಿಸಿದೆನು. ಅದು ನನ್ನ ಮೊದಲ ಪ್ರಯತ್ನ. ಬಣ್ಣಬಣ್ಣದ ಆ ಪುಟವನ್ನು ನೋಡಿ ನಾನೇ ಹಿಗ್ಗಿದೆನು. ಆದರೆ ದೃಷ್ಟಿಹೀನನಾದ ನನ್ನ ಸಹಪಾಠಿಯೊಬ್ಬನು ತನ್ನ ಮೊಬೈಲಿನಲ್ಲಿ ಅದನ್ನು ತೆರೆದಾಗ, ಪರದೆಯನ್ನು ಓದಿ ಹೇಳುವ ತಂತ್ರಾಂಶವು ಪ್ರತಿಯೊಂದು ಕಡೆಯಲ್ಲಿಯೂ "ಬರೆಯುವ ಚೌಕ" ಎಂದಷ್ಟೇ ನುಡಿಯಿತು. "ಯಾವ ಚೌಕದಾಗ ಏನ್ ಬರೀಬೇಕೋ ದೋಸ್ತ?" ಎಂದು ಅವನು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯಿಂದ ಕಲಿತುದನ್ನು ಇಲ್ಲಿ ನಿವೇದಿಸುತ್ತೇನೆ.

ಪುಟದ ರಚನೆಗೆ ಎರಡು ಭಾಷೆಗಳು ಬೇಕು. ಎಚ್.ಟಿ.ಎಂ.ಎಲ್. ಎಂಬುದು ಇದು ಶೀರ್ಷಿಕೆ, ಇದು ಪ್ರಶ್ನೆ, ಇದು ಉತ್ತರದ ಚೌಕ ಎಂದು ಪ್ರತಿಯೊಂದರ ಅರ್ಥವನ್ನು ತಿಳಿಸುತ್ತದೆ. ಬಣ್ಣ, ಅಳತೆ, ಅಂತರಗಳನ್ನು ನಿರ್ಧರಿಸುವುದು ಸಿ.ಎಸ್.ಎಸ್. ಇದನ್ನು ೧೯೯೪ರಲ್ಲಿ ಹಾಕೋನ್ ವೀಮ್ ಲೀ ಎಂಬವರು ಸೂಚಿಸಿದರು. ೧೯೯೬ರಲ್ಲಿ ಅದರ ಮೊದಲ ಆವೃತ್ತಿ ಹೊರಬಂದಿತು. ನಮ್ಮ ಜಿಲ್ಲೆಯ ಕಿನ್ನಾಳದ ಕಲಾವಿದರು ಹಗುರವಾದ ಕಟ್ಟಿಗೆಯನ್ನು ಕೆತ್ತಿ ಗೊಂಬೆಗೆ ಆಕಾರ ಕೊಟ್ಟ ಅನಂತರವೇ ಬಣ್ಣ ಹಚ್ಚುವರು. ನಾನಾದರೋ ಆಕಾರವಿಲ್ಲದುದಕ್ಕೆ ಬಣ್ಣ ಬಳಿದಿದ್ದೆನು.

ಮೊದಲನೆಯ ದೋಷವೆಂದರೆ, ಪ್ರಶ್ನೆಗೂ ಚೌಕಕ್ಕೂ ಸಂಬಂಧವಿಲ್ಲದಿದ್ದುದು. ಒಂದು ಕೋಷ್ಟಕವನ್ನು ಹಾಕಿ, ಎಡಕ್ಕೆ "ಹೆಸರು" ಎಂದು ಬರೆದು ಬಲಕ್ಕೆ ಚೌಕವಿಟ್ಟಿದ್ದೆನು. ಕಣ್ಣಿಗೆ ಅವೆರಡೂ ಜೊತೆಗಿವೆ. ಯಂತ್ರಕ್ಕೆ ಅದು ತಿಳಿಯದು. ಈಗ ಪ್ರತಿ ಪ್ರಶ್ನೆಯನ್ನೂ "ಲೇಬಲ್" ಎಂಬ ಗುರುತಿನೊಳಗೆ ಬರೆದು, ಚೌಕದ "ಐಡಿ"ಯನ್ನೇ ಲೇಬಲಿನ "ಫಾರ್" ಎಂಬಲ್ಲಿಯೂ ಕೊಟ್ಟಿದ್ದೇನೆ. ಇದರಿಂದ ತಂತ್ರಾಂಶವು ಪ್ರಶ್ನೆಯನ್ನು ಓದುತ್ತದೆ. ಪ್ರಶ್ನೆಯ ಮೇಲೆ ಬೆರಳಿಟ್ಟರೂ ಚೌಕ ತೆರೆಯುತ್ತದೆ. ಚೌಕದೊಳಗೆ ಮಸುಕಾಗಿ ತೋರುವ ಸೂಚನೆಯು ಲೇಬಲಿಗೆ ಬದಲಾಗದು; ಬರೆಯತೊಡಗಿದೊಡನೆ ಅದು ಮಾಯವಾಗುತ್ತದೆ. ಸೇವೆಯ ದಿನವನ್ನು ಆರಿಸುವ ಗುಂಡಿಗಳನ್ನು "ಫೀಲ್ಡ್‌ಸೆಟ್" ಎಂಬುದರಲ್ಲಿ ಒಟ್ಟುಗೂಡಿಸಿ, "ಲೆಜೆಂಡ್" ಎಂಬುದರಿಂದ ಆ ಗುಂಪಿಗೆ ತಲೆಬರಹ ಕೊಟ್ಟೆನು.

ಎರಡನೆಯದು ಚೌಕಗಳ ಜಾತಿ. ಮೊಬೈಲ್ ಸಂಖ್ಯೆಗೆ "ನಂಬರ್" ಎಂಬ ಬಗೆಯನ್ನು ಬಳಸಿದ್ದೆನು. ಅದು ಎಣಿಸುವ ಮೊತ್ತಗಳಿಗೆ ತಕ್ಕುದು. ಫೋನಿನ ಸಂಖ್ಯೆಗೆ "ಟೆಲ್" ಎಂಬುದೇ ಸರಿ. ಆಗ ಮೊಬೈಲಿನಲ್ಲಿ ಅಂಕಿಗಳ ಕೀಲಿಮಣೆ ತಾನಾಗಿ ಬರುತ್ತದೆ. "ಕೊನೆಯ ಹೆಸರು" ಕಡ್ಡಾಯವೆಂದಿದ್ದುದನ್ನೂ ತೆಗೆದುಹಾಕಿದೆನು. ಅಡ್ಡಹೆಸರನ್ನು ಬರೆಯದವರು ನಮ್ಮಲ್ಲಿ ಎಷ್ಟೋ ಜನರಿದ್ದಾರೆ. "ಪೂರ್ಣ ಹೆಸರು" ಎಂಬ ಒಂದೇ ಚೌಕ ಸಾಕು. "ಸಲ್ಲಿಸು" ಎಂಬುದು ಬರಿಯ ಬಣ್ಣದ ಪಟ್ಟಿಯಾಗಿತ್ತು. ಅದನ್ನು ನಿಜವಾದ "ಬಟನ್" ಮಾಡಿದೆನು. ಪುಟದ ಭಾಷೆ ಕನ್ನಡವೆಂದು ಆರಂಭದಲ್ಲಿಯೇ ಸೂಚಿಸಿದುದರಿಂದ, ಓದುವ ತಂತ್ರಾಂಶವು ಕನ್ನಡದ ಧ್ವನಿಯನ್ನು ಆರಿಸಿಕೊಳ್ಳಬಲ್ಲುದು.

ಇನ್ನು ರೂಪದ ವಿಚಾರ. ಪ್ರತಿ ಸಾಲಿನಲ್ಲಿಯೂ ತುರುಕಿದ್ದ ಬಣ್ಣ, ಅಳತೆಗಳನ್ನು ತೆಗೆದು ಒಂದೇ ಸಿ.ಎಸ್.ಎಸ್. ಕಡತದಲ್ಲಿ ಬರೆದೆನು. ಕೋಷ್ಟಕವನ್ನು ಬಿಟ್ಟು ಚೌಕಗಳನ್ನು ಒಂದರ ಕೆಳಗೊಂದು ಇಟ್ಟುದರಿಂದ, ಸಣ್ಣ ಪರದೆಯಲ್ಲಿ ಪುಟವನ್ನು ಪಕ್ಕಕ್ಕೆ ಸರಿಸಬೇಕಾಗಿಲ್ಲ. ಚೌಕಕ್ಕೆ ಎತ್ತರವನ್ನು ಕಟ್ಟುನಿಟ್ಟಾಗಿ ಗೊತ್ತುಮಾಡಿದರೆ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿದಂತಾಗುತ್ತದೆ. ಆದುದರಿಂದ ಎತ್ತರವನ್ನು ಬಿಟ್ಟು ಒಳಗಿನ ಅಂತರವನ್ನು ಮಾತ್ರ ಹೇಳಿದೆನು. ಹಳದಿಯ ಮೇಲಿನ ಬಿಳಿ ಅಕ್ಷರ ಓದಲು ಬಾರದು; ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ ೪.೫ಕ್ಕೆ ೧ರಷ್ಟು ವ್ಯತ್ಯಾಸವಿರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ. ಅಂದಗೆಡಿಸುತ್ತದೆಂದು ಅಳಿಸಿದ್ದ ಚೌಕದ ಸುತ್ತಣ ಗೆರೆಯನ್ನು ಮರಳಿ ತಂದೆನು. ಕೀಲಿಮಣೆಯಿಂದಲೇ ನಡೆಯುವವರಿಗೆ ತಾವು ಎಲ್ಲಿದ್ದೇವೆಂಬುದನ್ನು ತೋರಿಸುವುದು ಅದೇ.

ತಿದ್ದಿದ ನಮೂನೆಯನ್ನು ಅದೇ ಸಹಪಾಠಿಯು ಯಾರ ನೆರವೂ ಇಲ್ಲದೆ ತುಂಬಿದನು. ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಕ್ಕಳ ಹೆಸರುಗಳನ್ನು ಧ್ವನಿವರ್ಧಕದಲ್ಲಿ ಸಾರುವ ಕೆಲಸವನ್ನು ಅವನು ಆರಿಸಿಕೊಂಡಿದ್ದನು. ಸೇವೆಗೆ ಸಿದ್ಧನಾದವನನ್ನು ನನ್ನ ಅಜ್ಞಾನವು ಬಾಗಿಲಲ್ಲೇ ತಡೆದಿತ್ತು. ಆದುದರಿಂದ, ನಮೂನೆಯನ್ನು ರಚಿಸುವ ಮಿತ್ರರು ಮೊದಲು ಅರ್ಥವನ್ನು ಸರಿಪಡಿಸಿ, ಬಳಿಕ ಬಣ್ಣದ ಯೋಚನೆ ಮಾಡಲಿ.