ಲಕ್ಷಣವೂ ಲಕ್ಷ್ಯವೂ: ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳ ವ್ಯಾಕರಣ ಪರೀಕ್ಷೆ

ಲಕ್ಷ್ಯವನ್ನು ಕಂಡು ಲಕ್ಷಣವನ್ನು ಹೇಳುವುದು ವೈಯಾಕರಣರ ಕ್ರಮ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ತನಗೆ ಪ್ರಮಾಣರಾದ ಪೂರ್ವಕವಿಗಳನ್ನು ಗ್ರಂಥಾರಂಭದಲ್ಲಿಯೇ ಹೆಸರಿಸಿ, ಸೂತ್ರಗಳಿಗೆ ಕವಿಪ್ರಯೋಗಗಳನ್ನು ಉದಾಹರಿಸಿದ್ದು ಇದೇ ಕಾರಣದಿಂದ. ಪ್ರಯೋಗವನ್ನು ಬದಿಗಿರಿಸಿ ಲಕ್ಷಣವನ್ನಷ್ಟೇ ಮಕ್ಕಳಿಂದ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ, ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ 2013ರಲ್ಲಿ ಆರಂಭವಾದ ಪರೀಕ್ಷೆಯೊಂದು ತಕ್ಕ ನಿದರ್ಶನವಾಗಿದೆ. ಕನ್ನಡ ನಾಡಿನಲ್ಲಿ ಇಂಗ್ಲಿಷನ್ನು ಬೋಧಿಸುವ ಉಪಾಧ್ಯಾಯರಿಗೂ ಅದು ವಿಚಾರಾರ್ಹವಾದುದು.

ಈ ಪರೀಕ್ಷೆಯು ಹತ್ತು-ಹನ್ನೊಂದು ವರ್ಷದ ಮಕ್ಕಳಿಗೆ, ಪ್ರಾಥಮಿಕ ಶಿಕ್ಷಣದ ಕೊನೆಯ ವರ್ಷದ ಮೇ ತಿಂಗಳಿನಲ್ಲಿ ನಡೆಯುತ್ತದೆ. ಮೊದಲನೆಯ ಪತ್ರಿಕೆ ವ್ಯಾಕರಣ ಹಾಗೂ ಲೇಖನಚಿಹ್ನೆಗಳಿಗೆ ಸಂಬಂಧಿಸಿದ್ದು. 45 ನಿಮಿಷ, 50 ಅಂಕ. ಎರಡನೆಯದು ಸ್ಪೆಲಿಂಗ್; 20 ಪದಗಳ ಉಕ್ತಲೇಖನ, 20 ಅಂಕ. ಗಳಿಸಿದ ಅಂಕಗಳನ್ನು 2016ರಿಂದೀಚೆಗೆ 80ರಿಂದ 120ರವರೆಗಿನ ಮಾನಕ್ಕೆ ಪರಿವರ್ತಿಸಲಾಗುತ್ತಿದೆ. 100 ಬಂದರೆ ಮಗು ನಿರೀಕ್ಷಿತ ಮಟ್ಟವನ್ನು ಮುಟ್ಟಿತೆಂದೂ, 99 ಬಂದರೆ ಮುಟ್ಟಲಿಲ್ಲವೆಂದೂ ಲೆಕ್ಕ.

ಇದರ ಮೂಲ 2011ರಲ್ಲಿ ಲಾರ್ಡ್ ಬ್ಯೂ ಅವರ ಅಧ್ಯಕ್ಷತೆಯಲ್ಲಿ ಸಿದ್ಧವಾದ ವರದಿ. ಸ್ವತಂತ್ರ ರಚನೆಯ ಯೋಗ್ಯತೆಯನ್ನು ಪರೀಕ್ಷಕರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಅಳೆಯುವುದು ಸಹಜ. ಆದುದರಿಂದ ಅದನ್ನು ತರಗತಿಯ ಉಪಾಧ್ಯಾಯರಿಗೆ ಬಿಟ್ಟು, ಸರಿ-ತಪ್ಪು ಖಚಿತವಾಗಿರುವ ವ್ಯಾಕರಣ, ಚಿಹ್ನೆ, ಸ್ಪೆಲಿಂಗುಗಳನ್ನು ಹೊರಗಿನವರು ಅಳೆಯಬಹುದೆಂಬುದು ಅದರ ಇಂಗಿತ. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ವ್ಯಾಕರಣದಲ್ಲಿ ಸರಿ-ತಪ್ಪು ಅಷ್ಟು ಖಚಿತವೆ?

2016ರ ಮೇ ತಿಂಗಳಿನಲ್ಲಿ ಅಂದಿನ ಶಾಲಾ ಸಚಿವ ನಿಕ್ ಗಿಬ್ ಅವರಿಗೆ ಬಿ.ಬಿ.ಸಿ. ರೇಡಿಯೋದಲ್ಲಿ ಇದೇ ಬಗೆಯ ಪ್ರಶ್ನೆಯೊಂದನ್ನು ಹಾಕಲಾಯಿತು. ‘ಊಟ ಮಾಡಿದ ನಂತರ ಸಿನಿಮಾಕ್ಕೆ ಹೋದೆ’ ಎಂಬರ್ಥದ ಇಂಗ್ಲಿಷ್ ವಾಕ್ಯದಲ್ಲಿ ‘ಆಫ್ಟರ್’ ಎಂಬುದು ಪ್ರಿಪೊಸಿಷನ್ನೋ, ಅಧೀನ ವಾಕ್ಯವನ್ನು ಜೋಡಿಸುವ ಕಂಜಂಕ್ಷನ್ನೋ? ಸಚಿವರು ಪ್ರಿಪೊಸಿಷನ್ ಎಂದರು, ತಪ್ಪೆಂದು ತೀರ್ಮಾನವಾಯಿತು. ನಾಡೆಲ್ಲ ನಕ್ಕಿತು. ಆದರೆ ಸ್ವಾರಸ್ಯವಿರುವುದು ಆ ನಗೆಯಲ್ಲಲ್ಲ. ಹಡಲ್‌ಸ್ಟನ್ ಮತ್ತು ಪುಲಮ್ ಎಂಬ ವಿದ್ವಾಂಸರು 2002ರಲ್ಲಿ ಹೊರತಂದ ಕೇಂಬ್ರಿಜ್‌ನ ಬೃಹದ್ವ್ಯಾಕರಣವು ಈ ಎಡೆಯಲ್ಲಿಯೂ ‘ಆಫ್ಟರ್’ ಅನ್ನು ಪ್ರಿಪೊಸಿಷನ್ ಎಂದೇ ಪರಿಗಣಿಸುತ್ತದೆ. ಪರೀಕ್ಷೆಯ ಪ್ರಕಾರ ತಪ್ಪಿದ ಸಚಿವರು ಆ ಪ್ರೌಢ ಗ್ರಂಥದ ಪ್ರಕಾರ ಸರಿ! ವಿದ್ವಾಂಸರಲ್ಲಿಯೇ ಮತಭೇದವಿರುವ ಸಂಗತಿಗೆ ಹನ್ನೊಂದರ ಮಗು ಅಂಕವನ್ನು ತೆರಬೇಕಾಗುತ್ತದೆ.

ಕನ್ನಡದ ಮಗು ‘ಊಟದ ನಂತರ ಹೋದೆ’ ಎನ್ನುತ್ತದೆ. ‘ಊಟ ಮಾಡಿದ ನಂತರ ಹೋದೆ’ ಎಂದೂ ಎನ್ನುತ್ತದೆ. ಎರಡೆಡೆಯೂ ‘ನಂತರ’ ಎಂಬುದು ಒಂದೇ ಅವ್ಯಯ. ಅದಕ್ಕೆ ಒಂದೆಡೆ ಒಂದು ಹೆಸರು, ಇನ್ನೊಂದೆಡೆ ಬೇರೊಂದು ಹೆಸರು ಬೇಕೆಂದು ಆ ಮಗುವಿಗೆ ಎಂದೂ ಅನಿಸಿರುವುದಿಲ್ಲ. ಅಂಥ ಮಗುವಿಗೆ ಇಂಗ್ಲಿಷಿನ ಈ ಭೇದವನ್ನು ಬಾಯಿಪಾಠ ಮಾಡಿಸಿದರೆ ಹೆಸರು ಬಂದೀತು. ವಾಕ್ಯ ಬರುವುದೆಂಬ ಭರವಸೆಯಿಲ್ಲ.

ಆಶ್ಚರ್ಯಸೂಚಕ ವಾಕ್ಯದ ಕಥೆಯೂ ಹೀಗೆಯೇ. ‘ವಾಟ್’ ಅಥವಾ ‘ಹೌ’ ಎಂದು ಆರಂಭವಾಗಿ ಕ್ರಿಯಾಪದವನ್ನು ಒಳಗೊಂಡಿದ್ದರೆ ಮಾತ್ರ ಅದು ಆಶ್ಚರ್ಯವಾಕ್ಯವೆಂದು 2016ರಲ್ಲಿ ಅಲ್ಲಿನ ಶಿಕ್ಷಣ ಇಲಾಖೆ ಸ್ಪಷ್ಟಪಡಿಸಿತು. ಹಾವನ್ನು ಕಂಡ ಬಾಲಕ ಕ್ರಿಯಾಪದವನ್ನು ಹುಡುಕುತ್ತ ನಿಲ್ಲುವನೆ? 2017ರಲ್ಲಿಯಂತೂ ಅರ್ಧವಿರಾಮವನ್ನು ತಕ್ಕ ಸ್ಥಾನದಲ್ಲಿಯೇ ಇಟ್ಟ ಮಕ್ಕಳಿಗೆ, ಚಿಹ್ನೆಯ ಆಕಾರವೋ ಎತ್ತರವೋ ಸರಿಯಿಲ್ಲವೆಂದು ಅಂಕ ತಪ್ಪಿಹೋಗಿ, ಉಪಾಧ್ಯಾಯರು ಬಹಿರಂಗವಾಗಿ ಪ್ರತಿಭಟಿಸಿದರು.

ಸ್ಪೆಲಿಂಗಿನ ಉಕ್ತಲೇಖನವನ್ನು ಮಾತ್ರ ಆಕ್ಷೇಪಿಸಲಾಗದು. ‘ದೋ’, ‘ಥ್ರೂ’, ‘ಕಾಫ್’, ‘ಇನಫ್’ ಎಂಬ ನಾಲ್ಕು ಪದಗಳು ಒಂದೇ ನಾಲ್ಕು ಅಕ್ಷರಗಳಲ್ಲಿ ಕೊನೆಗೊಂಡು ನಾಲ್ಕು ಬಗೆಯಾಗಿ ಉಚ್ಚರಿಸಲ್ಪಡುವ ಭಾಷೆಯಲ್ಲಿ ಅಭ್ಯಾಸವಿಲ್ಲದೆ ಗತಿಯಿಲ್ಲ. ಪತ್ರಿಕೆಯಲ್ಲಿ ಪ್ರತಿಯೊಂದು ಪದವನ್ನೂ ಒಮ್ಮೆ ಬಿಡಿಯಾಗಿ, ಒಮ್ಮೆ ವಾಕ್ಯದೊಳಗೆ, ಮತ್ತೊಮ್ಮೆ ಬಿಡಿಯಾಗಿ ಓದಿ ಹೇಳುವ ಪದ್ಧತಿ ಅನುಕರಣೀಯವಾದುದು. ಆದರೆ ಕನ್ನಡದ ಮಕ್ಕಳು ನುಡಿದಂತೆ ಬರೆಯುವ ಲಿಪಿಯಿಂದ ಬಂದವರು. ದೊಡ್ಡಕ್ಷರ-ಚಿಕ್ಕಕ್ಷರಗಳ ಭೇದವೂ ಆ ಲಿಪಿಯಲ್ಲಿಲ್ಲ. ಕಿವಿಗೆ ಬಿದ್ದಂತೆಯೇ ಬರೆದು ತಪ್ಪಿದ ಮಗುವನ್ನೂ ಕೇಳಿಸಿಕೊಳ್ಳದೆಯೇ ತಪ್ಪಿದ ಮಗುವನ್ನೂ ಒಂದೇ ಕೆಂಪು ಗೆರೆಯಿಂದ ಹೊಡೆದುಹಾಕುವುದು ಮೌಲ್ಯಮಾಪನವಲ್ಲ. ಮೊದಲನೆಯದಕ್ಕೆ ಬೇಕಾದುದು ಕಣ್ಣಿನ ಅಭ್ಯಾಸ, ಎರಡನೆಯದಕ್ಕೆ ಕಿವಿಯದು.

ವ್ಯಾಕರಣವನ್ನು ಬೋಧಿಸುವುದರಿಂದ ಬರವಣಿಗೆ ಉತ್ತಮಗೊಳ್ಳುವುದೆ ಎಂಬುದನ್ನೂ ಅಲ್ಲಿಯವರು ಪರೀಕ್ಷಿಸಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಹಾಗೂ ಯಾರ್ಕ್ ವಿಶ್ವವಿದ್ಯಾಲಯಗಳ ವಿದ್ವಾಂಸರು ಆರು-ಏಳು ವರ್ಷದ ಮಕ್ಕಳಲ್ಲಿ ಪ್ರಯೋಗ ನಡೆಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಕಥನರಚನೆ ಅದರಿಂದ ಸುಧಾರಿಸಿದ್ದು ಕಂಡುಬರಲಿಲ್ಲ. ಆದರೆ ವ್ಯಾಕರಣವೇ ವ್ಯರ್ಥವೆಂದು ಹೇಳುವವರು ಇನ್ನೊಂದನ್ನೂ ಗಮನಿಸಬೇಕು. ಎಕ್ಸಿಟರ್ ವಿಶ್ವವಿದ್ಯಾಲಯದ ಡೆಬ್ರಾ ಮೈಹಿಲ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುಸು ದೊಡ್ಡ ಮಕ್ಕಳಿಗೆ ಬರವಣಿಗೆಯ ಸಂದರ್ಭದಲ್ಲಿಯೇ, ಆಯಾ ರಚನೆಯ ಪ್ರಯೋಜನವನ್ನು ತೋರಿಸುತ್ತ ವ್ಯಾಕರಣವನ್ನು ಕಲಿಸಿದಾಗ ಬರವಣಿಗೆ ಉತ್ತಮವಾಯಿತು. ಮೊದಲೇ ಚೆನ್ನಾಗಿ ಬರೆಯಬಲ್ಲವರಿಗೆ ಹೆಚ್ಚು ಲಾಭವಾಯಿತು. ಕೇಶಿರಾಜನು ಬಲ್ಲ ಮಾರ್ಗವೇ ಇದು.

ಇಂಗ್ಲೆಂಡಿನ ಪಠ್ಯಕ್ರಮ ಹಾಗೂ ಮೌಲ್ಯಮಾಪನದ ಪುನರ್ವಿಮರ್ಶಾ ವರದಿಯು 2025ರ ನವೆಂಬರಿನಲ್ಲಿ ಹೊರಬಿದ್ದು, ಈ ಪರೀಕ್ಷೆಯ ಕೆಲವಂಶಗಳನ್ನು ಉಳಿಸಿಕೊಂಡು, ರಚನೆಯನ್ನೂ ವ್ಯಾಕರಣದ ಪ್ರಯೋಗವನ್ನೂ ಇನ್ನಷ್ಟು ಚೆನ್ನಾಗಿ ಅಳೆಯುವಂತೆ ಅದನ್ನು ಮಾರ್ಪಡಿಸಬೇಕೆಂದು ಶಿಫಾರಸು ಮಾಡಿತು. ‘ಆಫ್ಟರ್’ ಯಾವ ಜಾತಿಯ ಪದವೆಂದು ಕೇಳುವ ಬದಲು, ಊಟ ಮತ್ತು ಸಿನಿಮಾ ಕುರಿತ ಎರಡು ಬಿಡಿ ವಾಕ್ಯಗಳನ್ನು ಕೊಟ್ಟು, ಅವನ್ನು ಎರಡು ಬಗೆಯಾಗಿ ಜೋಡಿಸಿ ಬರೆಯೆಂದು ಮಗುವಿಗೆ ಹೇಳಬಹುದು. ಉತ್ತರಗಳು ಹತ್ತು ಬಗೆಯಾಗಿ ಬರುತ್ತವೆ. ಪರೀಕ್ಷಕರು ಅವನ್ನೆಲ್ಲ ಕುಳಿತು ಓದಬೇಕಾಗುತ್ತದೆ.