ಗುಣವಾಗದ ಕಾಯಿಲೆಗೂ ಆರೈಕೆಯಿದೆ

ಕ್ಯಾನ್ಸರ್ ಉಲ್ಬಣಿಸಿ ಹಾಸಿಗೆ ಹಿಡಿದವರ ನೋವನ್ನು ಅಳೆಯುವ ಯಂತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ. ಸ್ಕ್ಯಾನಿಂಗ್ ಗಡ್ಡೆಯ ಅಳತೆ ಹೇಳುತ್ತದೆ, ನೋವಿನದ್ದಲ್ಲ. ಅದಕ್ಕೆ ಅವರನ್ನೇ ಕೇಳಬೇಕು: "ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯೋಕೇ ಆಗದಿದ್ದರೆ ಹತ್ತು. ಈಗ ಎಷ್ಟಿದೆ?" ಅವರು ಎಂಟು ಎಂದರೆ ಎಂಟೇ. "ನೋಡಿದರೆ ಹಾಗೇನೂ ಕಾಣಲ್ಲವಲ್ಲ" ಎನ್ನುವ ಹಕ್ಕು ಪಕ್ಕದಲ್ಲಿ ನಿಂತವರಿಗಿಲ್ಲ. ಪ್ಯಾಲಿಯೇಟಿವ್ ಕೇರ್, ಅಂದರೆ ಕಾಯಿಲೆಯ ನರಳಿಕೆ ತಗ್ಗಿಸುವ ಆರೈಕೆ, ಕಲಿಯಲು ಬಂದವರಿಗೆ ನಾನು ಹೇಳುವ ಮೊದಲ ಪಾಠ ಇದು.

ಈ ಆರೈಕೆಗೆ ಇಂದಿನ ರೂಪ ಕೊಟ್ಟವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಆಮೇಲೆ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆಯಾದ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಆರೈಕೆ ಕೇಂದ್ರ ತೆರೆದರು. ರೋಗಿ ನರಳಿದ ಮೇಲೆ ಮದ್ದು ಕೊಡುವುದಲ್ಲ, ಗಡಿಯಾರ ನೋಡಿಕೊಂಡು ನೋವು ಮರಳುವ ಮುಂಚೆಯೇ ಕೊಡಬೇಕು ಎಂದು ಪಟ್ಟು ಹಿಡಿದರು. ಮೈಯ ನೋವಿನೊಳಗೆ ಮನಸ್ಸಿನ ಅಂಜಿಕೆ, ಸಂಸಾರದ ಚಿಂತೆ, ದೇವರ ಮೇಲಿನ ಮುನಿಸು ಎಲ್ಲವೂ ಸೇರಿರುತ್ತವೆ ಎಂದವರೂ ಅವರೇ. ಕೈಸಾಲ ತೀರಿಸುವವರು ಯಾರು ಎಂದು ಕೊರಗುವವರಿಗೆ ಮಾತ್ರೆ ಹೆಚ್ಚಿಸಿದ ಮಾತ್ರಕ್ಕೆ ನಿದ್ದೆ ಬರುವುದಿಲ್ಲ. ಕೂತು ಮಾತು ಕೇಳುವವರೂ ಬೇಕು.

ಇನ್ನು ಮಾರ್ಫಿನ್. ಹೆಸರು ಕೇಳಿದೊಡನೆ ಮನೆಯವರು ಬೆಚ್ಚುತ್ತಾರೆ: ಚಟ ಹತ್ತಿಬಿಡುತ್ತೆ, ಜೀವ ಬೇಗ ಹೋಗುತ್ತೆ ಎಂದು. ಬಲ್ಲ ವೈದ್ಯರು ಸಣ್ಣ ಪ್ರಮಾಣದಲ್ಲಿ ಶುರುಮಾಡಿ, ನೋವು ತಗ್ಗುವವರೆಗೆ ಹಂತಹಂತವಾಗಿ ಏರಿಸಿದಾಗ ಈ ಎರಡು ಭಯಕ್ಕೂ ಆಧಾರವಿಲ್ಲ. ಸಾಮಾನ್ಯ ಮಾತ್ರೆಯ ಗುಣ ಸುಮಾರು ನಾಲ್ಕು ಗಂಟೆ ಇರುತ್ತದೆ. ಹಾಗಾಗಿ ನೋವಿರಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಕೊಡಬೇಕು. ಮೊದಲ ಕೆಲವು ದಿನದ ಮಂಪರು, ವಾಕರಿಕೆ ತಾನಾಗಿ ಇಳಿಯುತ್ತವೆ. ಮಲಬದ್ಧತೆ ಮಾತ್ರ ಹೋಗುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಭೇದಿ ಮಾತ್ರೆಯೂ ಜೊತೆಗಿರಬೇಕು. ಇದನ್ನು ಯಾರೂ ಹೇಳದೆ, ಹೊಟ್ಟೆಯ ಕಷ್ಟಕ್ಕೆ ಹೆದರಿ ಮಾರ್ಫಿನ್ನನ್ನೇ ಬಿಟ್ಟು ನರಳುವವರಿದ್ದಾರೆ.

ಮಾರ್ಫಿನ್ ಸಿಗುವುದು ಅಫೀಮಿನಿಂದ. ಅದನ್ನು ನಮ್ಮ ದೇಶದಲ್ಲೇ ಸರ್ಕಾರದ ಪರವಾನಗಿ ಪಡೆದು ಬೆಳೆಯುತ್ತಾರೆ. ಆದರೂ 1985ರ ಮಾದಕ ವಸ್ತು ಕಾಯ್ದೆಯ ಬಿಗಿಗೆ ಅಂಜಿ ಬಹಳಷ್ಟು ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿ ನಿಯಮ ಸಡಿಲಿಸಿತು, ಆದರೆ ಸಣ್ಣ ಊರುಗಳಲ್ಲಿ ಮಾತ್ರೆ ಸಿಗುವುದು ಈಗಲೂ ಕಷ್ಟ. ಇದು ನನಗೆ ಸಂಕಟದ ವಿಷಯ.

ಚಿಕಿತ್ಸೆಯೆಲ್ಲ ಮುಗಿದ ಮೇಲಷ್ಟೇ ಈ ಆರೈಕೆ ಎಂದುಕೊಳ್ಳಬೇಡಿ. ಕೀಮೋ ನಡೆಯುತ್ತಿರುವಾಗಲೂ ಕೇಳಿ ಪಡೆಯಬಹುದು. ಶ್ವಾಸಕೋಶದ ಕ್ಯಾನ್ಸರ್ ಹರಡಿದವರ ಬಗ್ಗೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರಂಭದಿಂದಲೇ ಇದನ್ನು ಪಡೆದವರು ಉಳಿದವರಿಗಿಂತ ಸರಾಸರಿ ಎರಡು ತಿಂಗಳಿಗೂ ಹೆಚ್ಚು ಕಾಲ ಬದುಕಿದ್ದರು. ಕಿಡ್ನಿ, ಹೃದಯ ಸೋತವರಿಗೂ ಇದು ಬೇಕಾದದ್ದೇ.

ನಮ್ಮಲ್ಲೂ ಈ ಆರೈಕೆ ಸಿಗುತ್ತದೆ. ಕಲ್ಲಿಕೋಟೆಯಲ್ಲಿ 1993ರಲ್ಲಿ ಶುರುವಾದ ಪ್ಯಾಲಿಯೇಟಿವ್ ಕೇರ್ ಸೊಸೈಟಿಯಿಂದ ಬೆಳೆದ ಚಳವಳಿ ನೆರೆಹೊರೆಯವರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿತು. ಬೆಂಗಳೂರಿನ ಕರುಣಾಶ್ರಯ 1999ರಿಂದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ಪಡೆಯದೆ ನೋಡಿಕೊಳ್ಳುತ್ತಿದೆ.

ಮನೆಯಲ್ಲೇ ನೋಡಿಕೊಳ್ಳುವವರು ಬಹಳ ಕೇಳುವ ಪ್ರಶ್ನೆ ಊಟದ್ದು. ಕೊನೆಯ ದಿನಗಳಲ್ಲಿ ದೇಹಕ್ಕೆ ಅನ್ನ ಬೇಕೆನಿಸುವುದಿಲ್ಲ. "ಇನ್ನೊಂದು ತುತ್ತು" ಎಂದು ಬಲವಂತ ಮಾಡಿದರೆ ನೆತ್ತಿಗೇರಿ ಕೆಮ್ಮು ಬರಬಹುದು. ಒದ್ದೆ ಹತ್ತಿಯಿಂದ ಬಾಯಿ ಒರೆಸಿ, ತುಟಿಗೆ ಸ್ವಲ್ಪ ತುಪ್ಪ ಸವರಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹೇಗೆ ಎತ್ತಬೇಕು, ದಿಂಬು ಎಲ್ಲಿಡಬೇಕು ಎಂಬುದನ್ನು ಮನೆಗೆ ಬರುವ ನರ್ಸ್ ಮಾಡಿ ತೋರಿಸುತ್ತಾರೆ. ಅವರ ಎದುರೇ ಒಮ್ಮೆ ನೀವೂ ಮಾಡಿ ನೋಡಿ.